ಆಕಾಶದಲ್ಲೊಂದು ಹಾಸಿಗೆ

ಹಾಸಿಗೆ ವ್ಯಾಪಾರದವನು ನಗುವುದಕ್ಕೆ ವಿಷಯ ಹುಡುಕಿಕೊಂಡು ಹೋಗಬೇಕಾಗಿಲ್ಲ. ಅದು ತಾನಾಗಿಯೇ ಅಂಗಡಿಗೆ ಬಂದು ಮಲಗುತ್ತದೆ.

ನನ್ನ ಅಂಗಡಿ ಕಾರ್ಕಳದಲ್ಲಿ. ನಿಟ್ಟೆಯ ಹಾಸ್ಟೆಲುಗಳಿಗೆ, ಮಣಿಪಾಲದ ಫ್ಲಾಟುಗಳಿಗೆ, ಕಾಪುವಿನ ಮದುವೆ ಮನೆಗಳಿಗೆ ಹಾಸಿಗೆ ಹೋಗುವುದು ನನ್ನಲ್ಲಿಂದ. ಈ ಸೀಮೆಯ ಅರ್ಧ ಜನ ಗೊರಕೆ ಹೊಡೆಯುವುದು ನನ್ನ ಸರಕಿನ ಮೇಲೆ. ನನ್ನ ಹೆಂಡತಿ ಮಾತ್ರ ಆ ಅರ್ಧದಲ್ಲಿ ಸೇರಿಲ್ಲ. ರಾತ್ರಿಯಿಡೀ ಮಗ್ಗುಲು ಬದಲಿಸುತ್ತಾಳೆ, ಬೆಳಿಗ್ಗೆ ಸೊಂಟ ಹಿಡಿದುಕೊಂಡು ಏಳುತ್ತಾಳೆ. ನಮ್ಮ ಮನೆಯಲ್ಲಿರುವುದು ಲಾರಿಯಲ್ಲಿ ಬರುವಾಗ ಮಳೆಗೆ ಮೂಲೆ ನೆನೆದು ಗುಂಡಿ ಬಿದ್ದ ಹಾಸಿಗೆ. ಗಿರಾಕಿಗಳು ಅದನ್ನು ಮುಟ್ಟುವುದಿಲ್ಲ. ಒಳ್ಳೆಯ ಮಾಲು ಮಾರುವುದಕ್ಕೆ, ಉಳಿದದ್ದು ಮನೆಗೆ. ನನ್ನ ಅಪ್ಪನ ಕಾಲದಿಂದ ನಡೆದುಬಂದ ಕ್ರಮ.

“ನನಗೆ ಚಿನ್ನ ಬೇಡ, ಸೀರೆ ಬೇಡ. ಒಂದು ದಿನ ಸರಿಯಾಗಿ ನಿದ್ದೆ ಬಂದರೆ ಸಾಕು” ಎನ್ನುತ್ತಿದ್ದಳು. ಅದಕ್ಕೆ ಏನಾದರೂ ಒಂದು ವ್ಯವಸ್ಥೆ ಮಾಡಬೇಕೆಂದು ನನಗೂ ಇತ್ತು. ದಾರಿ ಕಾಣುತ್ತಿರಲಿಲ್ಲ.

ಮಲಗಿ ನೋಡಿ

ದಾರಿ ತೋರಿಸಿದವನು ಕಾಪುವಿನ ಒಬ್ಬ ಬ್ಯಾರಿ ಯುವಕ. ದುಬೈಯಲ್ಲಿ ಕೆಲಸ, ತಂಗಿಯ ಮದುವೆಗೆಂದು ರಜೆಯಲ್ಲಿ ಬಂದಿದ್ದ. ಊಟ ಮುಗಿಸಿಕೊಂಡು ಅಂಗಡಿಗೆ ಬಂದ. ನಾನು ಎಲ್ಲರಿಗೂ ಹೇಳುವ ಹಾಗೆ ಅವನಿಗೂ, “ಕೈಯಲ್ಲಿ ಒತ್ತಿದರೆ ಎಂತ ಗೊತ್ತಾಗ್ತದೆ? ಮಲಗಿ ನೋಡಿ” ಅಂದೆ.

ಮಲಗಿದ. ಮಧ್ಯಾಹ್ನದ ಹೊತ್ತು, ಮೇಲೆ ನಿಧಾನಕ್ಕೆ ತಿರುಗುವ ಫ್ಯಾನು. ದಿಂಬಿಗೆ ತುಂಬುವ ಬೂರುಗದ ಹತ್ತಿಯ ಎಳೆಗಳು ಬಿಸಿಲುಕೋಲಿನಲ್ಲಿ ತೇಲುತ್ತಾ, ಇಳಿಯುವುದಕ್ಕೆ ಮನಸ್ಸಿಲ್ಲದ ಹಾಗೆ ಮತ್ತೆ ಮೇಲೇರುತ್ತಿದ್ದವು. ಅವನಿಗೆ ನಿದ್ದೆ ಹತ್ತಿತು. ನಾನು ಎಬ್ಬಿಸಲಿಲ್ಲ. ಅವನು ಮಲಗಿದ ಚಂದ ನೋಡಿ ಇನ್ನಿಬ್ಬರು ಅದೇ ಹಾಸಿಗೆ ಬುಕ್ ಮಾಡಿ ಹೋದರು. ಅಂಥ ಜಾಹೀರಾತನ್ನು ಯಾರಾದರೂ ಎಬ್ಬಿಸುತ್ತಾರಾ?

ಸಂಜೆ ಬಿಸಿಲು ಮುಖಕ್ಕೆ ಬಿದ್ದಾಗ ಕಣ್ಣು ತೆರೆದು, “ದುಬೈ ಬಂತಾ?” ಅಂತ ಕೇಳಿದ.

“ಇಲ್ಲ ಮಾರಾಯ, ಇನ್ನೂ ಕಾರ್ಕಳ.”

ನಾಚಿಕೊಂಡು ಎದ್ದು ಕೂತ. ಒಮ್ಮೆ ಅವನ ವಿಮಾನದಲ್ಲಿ ಹಿಂದಿನ ಸೀಟುಗಳು ಭರ್ತಿಯಾಗಿ, ಅವನನ್ನು ಎಲ್ಲಕ್ಕಿಂತ ಮುಂದೆ, ಫಸ್ಟ್ ಕ್ಲಾಸಿನಲ್ಲಿ ಕೂರಿಸಿದ್ದರಂತೆ. ಅಲ್ಲಿ ಸೀಟೇ ಹಾಸಿಗೆಯಾಗುತ್ತದಂತೆ. ದಿಂಬು, ಹೊದಿಕೆ ಎಲ್ಲ ಉಂಟಂತೆ.

“ಹಾಸಿಗೆ ಎಷ್ಟು ಇಂಚು ದಪ್ಪ?” ಅಂತ ಕೇಳಿದೆ.

“ಅಣ್ಣ, ಮೋಡದ ಮೇಲೆ ಮಲಗಿದವನು ಇಂಚು ನೋಡ್ತಾನಾ?”

ಆಮೇಲೆ ಅವನೇ ಉಪಾಯ ಹೇಳಿಕೊಟ್ಟ. ಸರಕಿನ ಹಣವನ್ನು ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟಿದರೆ ಬ್ಯಾಂಕಿನವರು ಪಾಯಿಂಟು ಕೊಡುತ್ತಾರೆ. ಪಾಯಿಂಟನ್ನು ವಿಮಾನದ ಮೈಲುಗಳನ್ನಾಗಿ ಮಾಡಿಸಿಕೊಳ್ಳಬಹುದು. ಮೈಲು ಸಾಕಷ್ಟು ಕೂಡಿದರೆ ಫಸ್ಟ್ ಕ್ಲಾಸಿನ ಟಿಕೆಟೇ ಸಿಗುತ್ತದೆ. “ನಿಮ್ಮಂಥ ವ್ಯಾಪಾರಿಗಳಿಗೆ ಬಿಟ್ಟಿ ಬಂದ ಹಾಗೆ” ಅಂದ. ನಾನು ಎರಡನೇ ಸಲ ಕೇಳಲಿಲ್ಲ.

ಮನೆಗೆ ಬಂದವನೇ ಹೆಂಡತಿಗೆ, “ಇನ್ನು ನೀನು ಚಿಂತೆ ಬಿಡು. ನಿನ್ನನ್ನು ಮೇಲೆ ಕಳಿಸಿ, ನೆಮ್ಮದಿಯಾಗಿ ಮಲಗಿಸುವ ಏರ್ಪಾಡು ಮಾಡಿದ್ದೇನೆ” ಅಂದೆ.

ಅವಳು ಮೀನು ಹುರಿಯುವುದು ನಿಲ್ಲಿಸಲಿಲ್ಲ. “ಅವಸರ ಎಂತ? ಮೊದಲು ಊಟ ಮಾಡಿ” ಅಂದಳು.

ಬಿಲ್ಲಿನ ಜಗಳ

ನಮ್ಮ ಕಡೆ ನಾಲ್ಕು ಜನ ಹೋಟೆಲಿಗೆ ಹೋದರೆ ಬಿಲ್ಲಿಗಾಗಿ ಒಂದು ಸಣ್ಣ ಕುಸ್ತಿ ಆಗಲೇಬೇಕು. ಒಬ್ಬ ಕೈ ಹಿಡಿಯುತ್ತಾನೆ, ಒಬ್ಬ ಅಂಗಿ ಎಳೆಯುತ್ತಾನೆ, ಮತ್ತೊಬ್ಬ “ನೀವು ಕೊಟ್ಟರೆ ಇನ್ನು ಮಾತಿಲ್ಲ” ಅಂತ ಪ್ರಮಾಣ ಮಾಡುತ್ತಾನೆ. ಈ ಕುಸ್ತಿಯಲ್ಲಿ ಮರ್ಯಾದೆಗೆ ತಕ್ಕಷ್ಟು ಹೊತ್ತು ಹೋರಾಡಿ ಸೋಲುವುದು ನನ್ನ ಅಭ್ಯಾಸ. ಮೈಲು ಶುರುವಾದ ಮೇಲೆ ಗೆಲ್ಲತೊಡಗಿದೆ.

ಉಡುಪಿಯಲ್ಲಿ ನೆಂಟರ ಮನೆಯ ನಿಶ್ಚಿತಾರ್ಥ ಮುಗಿಸಿ ಎಂಟು ಹತ್ತು ಮಂದಿ ಹೋಟೆಲಿಗೆ ನುಗ್ಗಿದ್ದೆವು. ತಿಂಡಿ ಮುಗಿಯುವ ಮೊದಲೇ ನಾನು ಎದ್ದು ಕೌಂಟರಿನಲ್ಲಿ ಕಾರ್ಡು ಕೊಟ್ಟು, “ಬಿಲ್ಲೆಲ್ಲ ಇದಕ್ಕೇ” ಅಂದುಬಿಟ್ಟೆ. ಎಲ್ಲರೂ ಬೆರಗಾದರು. ನನ್ನ ಹೆಂಡತಿಯ ತಮ್ಮನಂತೂ ಎದ್ದು ನಿಂತು, “ನಮ್ಮ ಭಾವನ ಕೈ ದೊಡ್ಡದು, ಜನರಿಗೆ ಗೊತ್ತಿಲ್ಲ ಅಷ್ಟೆ” ಅಂತ ಸಣ್ಣದೊಂದು ಭಾಷಣವನ್ನೇ ಮಾಡಿದ.

ಕಾಫಿ ಬಂದ ಮೇಲೆ ನಾನು ಮೆಲ್ಲಗೆ ಹೇಳಿದೆ: “ಈಗ ನಿಮ್ಮ ನಿಮ್ಮ ಪಾಲು ನನ್ನ ಕೈಗೆ ಕೊಡಿ. ನನಗೆ ಬೇಕಾದದ್ದು ಮೈಲು ಮಾತ್ರ.”

ಭಾಷಣ ಮಾಡಿದವನು ಖಾಲಿ ತಟ್ಟೆ ನೋಡುತ್ತಾ ಹೇಳಿದ: “ಭಾವ, ಇದನ್ನು ಮೊದಲೇ ಹೇಳಬೇಕಿತ್ತು. ನೀವು ಎದ್ದು ಹೋದದ್ದು ನೋಡಿ ನಾನು ಎರಡನೇ ಮಸಾಲೆದೋಸೆ ತರಿಸಿದ್ದು.”

ಕಾಪುವಿನ ಕಡಲು

ಭಾನುವಾರ ಸಂಜೆ ಕೆಲವೊಮ್ಮೆ ಕಾಪುವಿಗೆ ಹೋಗಿ, ದೀಪಸ್ತಂಭದ ಬಂಡೆಯ ಕೆಳಗೆ ಮರಳಿನಲ್ಲಿ ಕೂರುತ್ತೇವೆ. ಬಿಸಿಲು ಇಳಿದು ಕಡಲೂ ಆಕಾಶವೂ ಒಂದೇ ಬಟ್ಟೆಯಲ್ಲಿ ಹೊಲಿದ ಹಾಗೆ ಕಾಣುವ ಹೊತ್ತು. ಹಾಗೊಂದು ಸಂಜೆ ವಿಮಾನವೊಂದು ಪಡುವಣಕ್ಕೆ ಹೋಗುತ್ತಿತ್ತು, ಬೆಳ್ಳಿಯ ಸೂಜಿಯಂತೆ, ಹಿಂದೆ ಬಿಳಿ ನೂಲು ಬಿಡುತ್ತಾ. ಇಬ್ಬರೂ ನೋಡಿದೆವು. ಅಷ್ಟರಲ್ಲಿ ನನ್ನ ಮೈಲು ಅರ್ಧದಷ್ಟು ಕೂಡಿತ್ತು. ಲೆಕ್ಕ ಮಾಡಿದರೆ ನಾವು ಅರಬ್ಬೀ ಕಡಲಿನ ನಡುವೆ ಎಲ್ಲೋ ತೇಲುತ್ತಿದ್ದೆವು.

“ಅಲ್ಲಿ ಮಲಗಿದವರು ಮಗ್ಗುಲು ಬದಲಿಸಿದರೆ ಬೀಳುವುದಿಲ್ಲವಾ?” ಅಂತ ಕೇಳಿದಳು.

“ಮಲಗಿದ ಮೇಲೂ ಬೆಲ್ಟು ಕಟ್ಟುತ್ತಾರೆ.”

ಅವಳು ಕೈಯ ಮರಳು ಕೊಡವಿಕೊಂಡಳು. “ಅಂಥದ್ದೊಂದು ಮನೆಗೆ ತನ್ನಿ. ನಮ್ಮ ಹಾಸಿಗೆಯ ಗುಂಡಿಗೆ ಜಾರದ ಹಾಗೆ ಕಟ್ಟಿಕೊಳ್ಳುತ್ತೇನೆ.”

ಎರಡು ಪಂಚಾಂಗ

ಮೈಲು ಪೂರ್ತಿ ಕೂಡಿತು. ಹೆಂಡತಿಯ ತಂಗಿ ಲಂಡನ್ನಿನಲ್ಲಿದ್ದಾಳೆ, ಹೊಸ ಮನೆ ಕೊಂಡಿದ್ದಳು. ಗೃಹಪ್ರವೇಶಕ್ಕೆ ನಾವು ಹೋಗುವುದೆಂದಾಯಿತು. ಮುಹೂರ್ತ ನೋಡಿಸುವ ಕೆಲಸ ನನಗೆ ಬಿತ್ತು. ಬೆಳ್ಮಣ್‌ನ ಹತ್ತಿರ ನಮ್ಮ ಹಳೆಯ ಜೋಯಿಸರು, ಅವರ ಜಗಲಿಯಲ್ಲಿ ಕೂತೆ. ಅವರ ಕೈಯಲ್ಲಿ ಪಂಚಾಂಗ, ನನ್ನ ಕೈಯಲ್ಲಿ ಮೊಬೈಲು.

ಮೈಲಿನ ಟಿಕೆಟಿನ ಸಂಕಟ ಆಗಲೇ ಗೊತ್ತಾದದ್ದು. ಮೈಲು ಎಷ್ಟೇ ಇರಲಿ, ಅದಕ್ಕೆಂದು ಅವರು ಬಿಡುವ ಸೀಟು ಒಂದೋ ಎರಡೋ. ಅದೂ ಯಾವ ದಿನ ಎಂದು ಹೇಳುವುದಿಲ್ಲ.

ಜೋಯಿಸರು ಕನ್ನಡಕ ಸರಿಮಾಡಿಕೊಂಡು, “ಈ ಬುಧವಾರ ಬಹಳ ಪ್ರಶಸ್ತ” ಅಂದರು.

“ಅದರ ಹಿಂದೆಮುಂದೆ ಸೀಟಿಲ್ಲ, ಜೋಯಿಸರೇ.”

“ಹಾಗಾದರೆ ಮುಂದಿನ ಶುಕ್ರವಾರ.”

“ಒಂದೇ ಸೀಟು ಉಂಟು.”

“ನೀವು ಹೋಗಿ ಬನ್ನಿ.”

“ನಿದ್ದೆ ಬರಬೇಕಾದದ್ದು ಅವಳಿಗೆ.”

“ಅವರನ್ನೇ ಕಳಿಸಿ.”

“ಒಬ್ಬಳೇ ಹೋಗುವುದಿಲ್ಲ ಅನ್ನುತ್ತಾಳೆ. ಈಗ ನೋಡಿ, ಈ ಸೋಮವಾರ ಎರಡು ಸೀಟು ಬಂತು.”

ಅವರು ಪುಟ ತಿರುವಿದರು. ಬೆರಳು ಮಡಿಸಿದರು. ವಾರ, ನಕ್ಷತ್ರ, ಲಗ್ನ ಎಲ್ಲ ಕೂಡಿಸಿ ತೃಪ್ತಿಯಿಂದ ತಲೆಯೆತ್ತಿದರು. “ಆಯಿತು. ಆ ವಾರದ ಗುರುವಾರ ಬೆಳಿಗ್ಗೆ ಒಳ್ಳೆಯ ಮುಹೂರ್ತವೇ ಸಿಕ್ಕಿತು.”

ನಾನು ಮೊಬೈಲು ನೋಡಿದೆ. ಎರಡೂ ಸೀಟು ಹೋಗಿತ್ತು.

ಜೋಯಿಸರು ಪಂಚಾಂಗ ಮುಚ್ಚಿದರು. “ನನ್ನದರಲ್ಲಿ ಶನಿ ಒಂದು ಮನೆಯಿಂದ ಏಳುವುದಕ್ಕೆ ಎರಡೂವರೆ ವರ್ಷ ತೆಗೆದುಕೊಳ್ಳುತ್ತಾನೆ. ನಿಮ್ಮದರಲ್ಲಿ ನಾನು ಕನ್ನಡಕ ಹಾಕುವುದರೊಳಗೆ ಎದ್ದು ಹೋಗುತ್ತಾನೆ. ಮೊದಲು ಟಿಕೆಟು ತೆಗೆಯಿರಿ. ಆಮೇಲೆ ಬನ್ನಿ, ಆ ದಿನಕ್ಕೆ ಎಂತ ದೋಷ ಉಂಟು ನೋಡಿ ಶಾಂತಿ ಮಾಡಿಸುವ.”

ಹಾಗೆಯೇ ಆಯಿತು. ಇಂಗ್ಲೆಂಡಿನಲ್ಲೊಂದು ಮನೆಯ ಹಾಲು ಉಕ್ಕುವ ದಿನವನ್ನು ನಿಶ್ಚಯಿಸಿದ್ದು ವಿಮಾನ ಕಂಪೆನಿ.

ಮೋಡದ ಮೇಲೆ

ಮುಂಬೈಯಿಂದ ಮಧ್ಯಾಹ್ನದ ವಿಮಾನ. ಫಸ್ಟ್ ಕ್ಲಾಸ್ ಎಂದರೆ ದೊಡ್ಡವರು ಕೂರುವ ಜಾಗ ಅಂತ ಹೆಂಡತಿ ಮದುವೆಗೆ ಹೊರಟ ಹಾಗೆ ಜರಿಯ ಸೀರೆ ಉಟ್ಟು, ಊರಿನಿಂದ ಬಾಳೆಲೆಯಲ್ಲಿ ಸುತ್ತಿ ತಂದ ಶಂಕರಪುರ ಮಲ್ಲಿಗೆ ಮುಡಿದಿದ್ದಳು. ಮುಂದಿನ ಸೀಟಿನವನು ಚಡ್ಡಿ ಹಾಕಿಕೊಂಡು ಬಂದಿದ್ದ. ಸ್ವಲ್ಪ ಹೊತ್ತಿಗೆ ಗಗನಸಖಿ ನಗುತ್ತಾ ಬಂದು ನಮಗೂ ಮಲಗುವಾಗ ಹಾಕಲು ಒಂದೊಂದು ಜೊತೆ ಪೈಜಾಮ ಕೊಟ್ಟಳು.

ಹೆಂಡತಿ ನನ್ನ ಕಿವಿಯಲ್ಲಿ, “ಸೀರೆ ಸರಿ ಇಲ್ಲವಂತಾ?” ಅಂದಳು.

ಮೆತ್ತೆ ಹಾಸಲು ಬಂದಾಗ ನಾನು ತಡೆಯಲಾರದೆ ಎದ್ದು ನಿಂತೆ. ಒತ್ತಿ ನೋಡಿದೆ, ಮೂಲೆ ಮಡಚಿ ನೋಡಿದೆ, ಹೊಲಿಗೆ ನೋಡಿದೆ. ಗಗನಸಖಿ ಗಾಬರಿಯಾಗಿ, ಏನಾದರೂ ತೊಂದರೆಯೇ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ತೊಂದರೆ ಇಲ್ಲ, ಇದೇ ನನ್ನ ವ್ಯಾಪಾರ ಅಂದೆ.

ಹೆಂಡತಿ ಸೀರೆಯಲ್ಲೇ ಮಲಗಿದಳು. ಹೊದಿಕೆ ಎಳೆದುಕೊಂಡದ್ದು ಗೊತ್ತು, ಅಷ್ಟೆ. ಮಗ್ಗುಲು ಬದಲಿಸಲಿಲ್ಲ. ವಿಮಾನ ಸೂರ್ಯನ ಬೆನ್ನು ಹಿಡಿದು ಹೋಗುತ್ತಿದ್ದುದರಿಂದ ಮಧ್ಯಾಹ್ನ ಮುಗಿಯುತ್ತಲೇ ಇರಲಿಲ್ಲ. ಕಿಟಕಿಯ ಹೊರಗೆ ಮೋಡ, ಯಾರೋ ಬೂರುಗದ ಹತ್ತಿಯನ್ನು ಕಣ್ಣು ಹಾಯುವಷ್ಟು ದೂರ ಬಿಡಿಸಿ ಒಣಗಲು ಹಾಕಿದ ಹಾಗೆ. ಒಳಗೆ ತಣ್ಣಗೆ ಮಲ್ಲಿಗೆಯ ವಾಸನೆ. ಊಟ ಬಂತು, ಹಣ್ಣು ಬಂತು, ಹೆಸರು ಗೊತ್ತಿಲ್ಲದ್ದೆಲ್ಲ ಬಂತು. ಅವಳು ಏಳಲಿಲ್ಲ. ಅವಳ ಪಾಲನ್ನೂ ನಾನೇ ತಿಂದೆ. ಇಷ್ಟು ಮೈಲು ಕೊಟ್ಟು ಬಿಡುವುದುಂಟಾ? ನಾನು ಮಲಗಲೂ ಇಲ್ಲ. ಅವಳು ಮಲಗಿರುವುದನ್ನೇ ನೋಡುತ್ತಾ ಕೂತಿದ್ದೆ. ವ್ಯಾಪಾರದಲ್ಲಿ ಇಷ್ಟು ವರ್ಷ ಕಳೆದರೂ, ಕೊಟ್ಟ ಮಾಲಿಗೆ ಇಷ್ಟು ಒಳ್ಳೆಯ ಗಿರಾಕಿಯನ್ನು ನಾನು ಕಂಡಿರಲಿಲ್ಲ.

ಇಳಿಯಲು ಸ್ವಲ್ಪ ಹೊತ್ತಿರುವಾಗ ಕಣ್ಣು ಬಿಟ್ಟಳು. ಎದ್ದು ಕೂತಳು, ಸೊಂಟ ಮುಟ್ಟಿ ನೋಡಿಕೊಂಡಳು. ನೋವಿಲ್ಲ. ಮದುವೆಯಾದ ಹೊಸದರಲ್ಲಿ ನಗುತ್ತಿದ್ದ ಹಾಗೆ ನಕ್ಕಳು. ಮೆತ್ತೆಯನ್ನು ಅಂಗೈಯಿಂದ ಸವರುತ್ತಾ, “ನೋಡಿ, ಇಂಥ ಹಾಸಿಗೆ ನಮ್ಮ ಊರಿನಲ್ಲಿ ಸಿಗುತ್ತದಾ?” ಅಂತ ಕೇಳಿದಳು.

ಆ ಪ್ರಶ್ನೆಯನ್ನು ಗಿರಾಕಿಗಳು ದಿನಾ ಕೇಳುತ್ತಾರೆ. ಉತ್ತರ ಬಾಯಿಗೆ ತಾನಾಗಿ ಬರುತ್ತದೆ. “ಇದು ಎಂತ ಹಾಸಿಗೆ? ಬರೀ ಎರಡಿಂಚು. ಇದರ ಹತ್ತು ಪಾಲು ಒಳ್ಳೆಯದು ನಮ್ಮ ಅಂಗಡಿಯಲ್ಲಿ ರಾಶಿ ಬಿದ್ದಿದೆ.”

ಅವಳ ಕೈ ನಿಂತಿತು.

“ರಾಶಿ ಉಂಟಾ?” ಅಂದಳು. ದನಿ ಮೆಲ್ಲಗಿತ್ತು.

ಅಂಗಡಿಯಲ್ಲಾಗಿದ್ದರೆ ಗಿರಾಕಿ ಬಂದರು ಅಂತ ಎದ್ದು ಹೋಗಬಹುದಿತ್ತು. ಅಷ್ಟು ಎತ್ತರದಲ್ಲಿ ಯಾವ ಗಿರಾಕಿ ಬರುತ್ತಾನೆ? ಎದ್ದೇಬಿಡೋಣ ಎಂದು ನೋಡಿದರೆ, ಬೆಲ್ಟಿನ ದೀಪ ಹೊತ್ತಿತ್ತು.