ಶನಿವಾರದ ಸಕ್ಕರೆಯಿಂದ ಕೆಟ್ಟ ಇರುವೆ ಮದ್ದಿನ ಬಗ್ಗೆ

ಇಂದ:
ಅಂಬಾರಾಯ, ಮದ್ದು ಇಡುವ ಕೆಲಸಗಾರ (ಇರುವೆ ವಿಭಾಗ), ವಿಠ್ಠಲವಾಡಿ

ಗೆ:
ಕುಶಲ ಅವರು, ಮಾಲೀಕರು, ನಿಷ್ಕೀಟ ಪೆಸ್ಟ್ ಕಂಟ್ರೋಲ್, ಮಹಾಪೆ

ವಿಷಯ: ಡೊಂಬಿವಲಿಯ ಇರುವೆಗಳು ಮದ್ದು ತಿನ್ನದೆ ಬದುಕಿರುವ ಕಾರಣಕ್ಕೆ ಅರ್ಜಿದಾರನನ್ನು ಕೆಲಸದಿಂದ ತೆಗೆಯದಿರುವ ಕುರಿತು.

ಉಲ್ಲೇಖ: ಮ್ಯಾನೇಜರ್ ಮಯೂರ್ ಸಾಹೇಬರ ಮೆಮೊ: "ಮೂರು ಸರ್ವಿಸ್ ಆದರೂ ಇರುವೆ ಹೋಗಿಲ್ಲ. ನಿಮ್ಮನ್ನೇಕೆ ತೆಗೆಯಬಾರದು?"

ಮಾನ್ಯರೇ,

ಕಂಪನಿಯ ಕಾಗದಪತ್ರವೆಲ್ಲ ಇಂಗ್ಲಿಷಿನಲ್ಲಿ ನಡೆಯುವುದಾದರೂ, ತಾವು ಕನ್ನಡದವರೆಂಬ ಒಂದೇ ಧೈರ್ಯದಿಂದ ಅರ್ಜಿದಾರನು ಅರಿಕೆ ಮಾಡಿಕೊಳ್ಳುವುದೇನೆಂದರೆ:

೧. ಇರುವೆ ಮದ್ದು ಸಿಹಿಯಾಗಿದ್ದು, ನಿಧಾನವಾಗಿ ಕೊಲ್ಲತಕ್ಕದ್ದು. ಸಾಲಿನಲ್ಲಿ ಬಂದ ಇರುವೆ ಅದನ್ನು ಹೊಟ್ಟೆಯಲ್ಲಿ ಹೊತ್ತೊಯ್ದು ಗೂಡಿನ ರಾಣಿಗೂ ಮರಿಗಳಿಗೂ ಬಾಯಿಂದ ಬಾಯಿಗೆ ಉಣಿಸುತ್ತದೆ. ಆದಕಾರಣ ಸಾಲನ್ನು ಕೆಡಿಸಬಾರದು, ಹತ್ತಿರ ಬೇರೆ ಸಿಹಿ ಇರಬಾರದು. ಇದನ್ನು ಮಯೂರ್ ಸಾಹೇಬರೇ ಎಸಿ ಕೋಣೆಯಲ್ಲಿ ಪರದೆಯ ಮೇಲೆ ತೋರಿಸಿ ಕಲಿಸಿದ್ದಾರೆ. ಅವರು ಈವರೆಗೆ ಜೀವಂತ ಇರುವೆಯೊಂದನ್ನು ಭೇಟಿಯಾದ ದಾಖಲೆ ಇಲ್ಲ.

೨. ಡೊಂಬಿವಲಿಯ ಹೌಸಿಂಗ್ ಸೊಸೈಟಿಯೊಂದರ ಸೆಕ್ರೆಟರಿ ರಘುಪತಿಯವರ ಅಡುಗೆಮನೆಯಲ್ಲಿ ಶುಕ್ರವಾರ ಮದ್ದು ಇಡಲಾಯಿತು. ಮರುದಿನ ನೋಡಲು ಹೋದಾಗ ಅವರ ತಾಯಿ ಪುಷ್ಪಾವತಿಯವರು ಅದೇ ಸಾಲಿನ ಪಕ್ಕದಲ್ಲಿ ಒಂದು ಹಿಡಿ ಸಕ್ಕರೆ ಸುರಿದು ಕೈಮುಗಿದು ನಿಂತಿದ್ದರು. ಮಗನಿಗೆ ಸಾಡೇಸಾತಿ ಶನಿಯಂತೆ. ಶನಿವಾರ ಇರುವೆಗೆ ಸಕ್ಕರೆ ಹಾಕಿದರೆ ಕಾಟ ಇಳಿಯುತ್ತದಂತೆ.

"ಅಮ್ಮಾರ, ಸಕ್ರಿ ಇದ್ರ ಅವು ಮದ್ದು ಮೂಸಂಗಿಲ್ರಿ," ಎಂದು ಅರ್ಜಿದಾರನು ಹೇಳಲಾಗಿ, "ನೀವು ಕೊಲ್ಲುದು ಸೋಮವಾರ ಇಟ್ಕೊಳ್ಳಿ ಮಾರಾಯ್ರೆ. ಇವತ್ತು ಅವಕ್ಕೆ ಊಟ ಉಂಟು," ಎಂದರು.

೩. ಸೋಮವಾರವೇ ಇಡೋಣವೆಂದರೆ ಡೊಂಬಿವಲಿಯ ಪಾಳಿ ಶುಕ್ರವಾರ. ಅದನ್ನು ಬದಲಿಸಲು ಕಂಪ್ಯೂಟರು ಒಪ್ಪುವುದಿಲ್ಲವೆಂದು ಮಯೂರ್ ಸಾಹೇಬರು ತಿಳಿಸಿದರು. ಹಬ್ಬದೂಟ ಬಿಟ್ಟು ಔಷಧಿ ನೆಕ್ಕುವಷ್ಟು ದಡ್ಡತನ ಇರುವೆಗಿಲ್ಲ. ಆದಕಾರಣ ಮೂರು ಸಲವೂ ಹೀಗೇ ಆಯಿತು. ರಘುಪತಿಯವರು "ನಿಮ್ಮವನು ಇರುವೆ ಸಾಕುತ್ತಿದ್ದಾನೆ" ಎಂದು ದೂರು ಕೊಟ್ಟರು. ಎತ್ತಿಗೆ ಜ್ವರ ಬಂದು ಎಮ್ಮೆಗೆ ಬರೆ ಬಿತ್ತು.

೪. ಅರ್ಜಿದಾರನಿಗೆ ಇದ್ದರೆ ಇದೊಂದೇ ಕೆಲಸ, ಬೇರೆ ವಿದ್ಯೆ ಬಾರದು. ಹೆಂಡತಿ ಬಾಲಮ್ಮ ಜೋಯಿಸರನ್ನು ಕೇಳಿ ಬಂದಿದ್ದಾಳೆ: "ಇಷ್ಟು ವರ್ಷ ಇರುವಿ ಕೊಂದದ್ದಕ್ಕ ಶನಿ ಬೆನ್ನ ಹತ್ಯಾನಂತ್ರಿ. ನೌಕರಿ ಉಳೀಬೇಕಂದ್ರ ಶನಿವಾರ ನಿಮ್ಮ ಕೈಲೇನ ಅವಕ್ಕ ಸಕ್ರಿ ಹಾಕ್ರಿ." ಅರ್ಜಿದಾರನು ಇದನ್ನೆಲ್ಲ ನಂಬುವವನಲ್ಲ. ಸಕ್ಕರೆ ಮಾತ್ರ ಕಟ್ಟಿಸಿಕೊಂಡಿದ್ದಾನೆ.

ಆದ್ದರಿಂದ ಮೆಮೊ ಹಿಂಪಡೆದು, ಡೊಂಬಿವಲಿಯ ಪಾಳಿಯನ್ನು ಸೋಮವಾರಕ್ಕೆ ಬದಲಿಸಬೇಕು. ಅದಾಗದಿದ್ದಲ್ಲಿ, ಯಾವ ಗ್ರಹದ ಹೆಸರಿನಲ್ಲೂ ಯಾರೂ ಉಣಬಡಿಸದ ಜಿರಳೆ ವಿಭಾಗಕ್ಕೆ ಅರ್ಜಿದಾರನನ್ನು ವರ್ಗಾಯಿಸಬೇಕು.

ಸದ್ಯಕ್ಕೆ ಕೆಲಸದಲ್ಲಿರುವ
ತಮ್ಮ ವಿಶ್ವಾಸಿ,
ಅಂಬಾರಾಯ

ಲಗತ್ತುಗಳು:
೧. ಮೆಮೊ ಪ್ರತಿ
೨. ಸಕ್ಕರೆಯ ಫೋಟೊ (ಇರುವೆಗಳ ಸಹಿತ)
೩. ಮದ್ದಿನ ಫೋಟೊ (ಇರುವೆಗಳ ರಹಿತ)

ಮರೆತ ಮಾತು: ಬರುವ ಶನಿವಾರ ಅರ್ಧ ದಿನ ರಜೆ ಮಂಜೂರು ಮಾಡಬೇಕು. ಅರ್ಜಿದಾರನ ಮನೆಯಲ್ಲಿ ಇದೇ ಮದ್ದನ್ನು ಇದೇ ಕೈಯಿಂದ ಇಟ್ಟು ನಾಲ್ಕು ವರ್ಷವಾಗಿದ್ದು, ಒಂದು ಇರುವೆಯೂ ಉಳಿದಿರುವುದಿಲ್ಲ. ಆದಕಾರಣ ಸಕ್ಕರೆ ಹಾಕಲು ರಘುಪತಿಯವರ ಮನೆಗೇ ಹೋಗಬೇಕಾಗಿದೆ.