ಕೂರಲಾರದವನು ಹೆಣೆದ ಹೊರಸು

ಮಾಸ್ತರಿಕೆ ಮಾಡಿದವರ ಬಳಿ ನಗೆಗೇನೂ ಬರವಿಲ್ಲ. ನಾವು ಕಲಿಸಲು ನಿಂತಾಗಲೆಲ್ಲ ಒಂದಲ್ಲ ಒಂದು ನಡೆದೇ ನಡೆಯುತ್ತದೆ. ನಿಜಾಮರ ಕಾಲ. ಜೇವರ್ಗಿ ಕಡೆಯ ಹಳ್ಳಿಯ ನನ್ನ ಶಾಲೆಯಲ್ಲಿ ಹದಿನಾಲ್ಕರ ಹುಡುಗನೊಬ್ಬನಿದ್ದ. ಕೂತಲ್ಲಿ ಕೂರುತ್ತಿರಲಿಲ್ಲ. "ತಪಾಸಣಿಗೆ ಸಾಹೇಬ್ರು ಬಂದಾಗ ಇವ ಎದ್ದ ಅಂದ್ರ ಪಟ್ಟಿಯಾಗಿಂದ ಹೆಸರು ತೆಗೀತೇನಿ," ಎಂದು ದೊಡ್ಡ ಮಾಸ್ತರರು ಹೇಳಿಬಿಟ್ಟಿದ್ದರು. ನನಗೋ ಆ ಹುಡುಗನೆಂದರೆ ಜೀವ. ಕೈಕೆಲಸವಾದರೂ ಹತ್ತಲಿ ಎಂದು ಹಗ್ಗ ಹೊಸೆಯಲು ಪುಂಡಿ ಗಿಡದ ನಾರು ಕೊಟ್ಟೆ. ಆ ನಾರಿನ ವಾಸನೆ ನೆನೆದರೆ ಈಗಲೂ ಮನಸ್ಸು ಅಲ್ಲಿಗೇ ಓಡುತ್ತದೆ.

ಹಗ್ಗ

ಹಗ್ಗ ಹೊಸೆಯುವಾಗ ಒಂದು ತುದಿಯನ್ನು ನಾನು ತಿರುಗಿಸಬೇಕು, ಅವನು ನಾರು ಸೇರಿಸುತ್ತ ಹಿಂದಕ್ಕೆ ಸರಿಯಬೇಕು. ಕೂರು ಎನ್ನದ ಮೊದಲ ಪಾಠ! ಹುಡುಗ ಬಾಗಿಲು ದಾಟಿದ, ಬಯಲು ದಾಟಿದ. ನಾನು "ಶಾಬಾಸ್" ಎನ್ನುತ್ತ ತಿರುಗಿಸುತ್ತಲೇ ಇದ್ದೆ. ಕಡೆಗೆ ದೂರದಿಂದ ಕೂಗು ಬಂತು:

"ಮಾಸ್ತರ್ರೀ, ಹಳ್ಳ ಬಂತ್ರಿ! ಇಳೀಲೇನ್ರಿ?"

ಅಜ್ಜಿ

ಆಮೇಲೆ ಹಗ್ಗದ ಮಂಚ, ಅದೇ ನಮ್ಮ ಕಡೆಯ ಹೊರಸು, ಹೆಣೆಯುವುದನ್ನು ಕಲಿಸಿದೆ. ಮರುದಿನವೇ ಅವನ ತಾಯಿ ಓಡಿ ಬಂದಳು.

"ಮನ್ಯಾಗಿನ ಹೊರಸು ಬಿಚ್ಚಾಕತ್ತಾನ್ರೀ!"

"ಬಿಚ್ಚಲಿ ಬಿಡಮ್ಮ, ಮತ್ತ ಹೆಣೀತಾನ."

"ಹೆಣೀಲಿ ಬಿಡ್ರಿ. ಆದ್ರ ನಮ್ಮತ್ತಿ ಇನ್ನಾ ಅದರ ಮ್ಯಾಲೇ ಮಲಗ್ಯಾಳ್ರೀ!"

ಸಾಹೇಬರು

ತಪಾಸಣೆಯ ದಿನ ಸಾಹೇಬರು ಕೂರಲು ಅವನೇ ಹೆಣೆದ ಹೊರಸು ಇಟ್ಟೆವು. ಕಾಲು ಚಾಚುವ ಕಡೆಯ ಹಗ್ಗ ಬಿಗಿದು ಗಂಟು ಹಾಕುವುದೊಂದು ಉಳಿದಿತ್ತು. "ಏನರೆ ಆಗ್ಲಿ, ನೀ ಏಳಬ್ಯಾಡ," ಎಂದು ಅವನನ್ನು ಕೂರಿಸಿ ಗಂಟನ್ನು ನಾನೇ ಹಾಕಿದೆ. ಹುಡುಗ ಗಂಟನ್ನೇ ನೋಡುತ್ತ, ಎರಡೂ ಕೈಯಲ್ಲಿ ಚಾಪೆ ಹಿಡಿದು ಕೂತ.

ಸಾಹೇಬರು ಬಂದು ಕೂತರು. ಗಂಟು ಜಾರಿತು. ಸಾಹೇಬರು ನೆಲ ಮುಟ್ಟಿದರು, ಮೊಳಕಾಲು ಗದ್ದಕ್ಕೆ ಬಂತು. ಇಡೀ ವರ್ಗ ಎದ್ದು ನಿಂತಿತು. ಅವನೊಬ್ಬನೇ ಏಳಲಿಲ್ಲ.

"ಜಾರ್ತದ ಅಂತ ಗೊತ್ತಿತ್ತೇನಲೇ?" ಎಂದೆ.

"ಗೊತ್ತಿತ್ರಿ. ಏಳಬ್ಯಾಡ ಅಂದಿದ್ರಲ್ರಿ!"

ಸಾಹೇಬರು ಬಟ್ಟೆ ಝಾಡಿಸಿಕೊಂಡು, "ಏಳು, ನೀ ಕಟ್ಟು," ಎಂದರು. ಹುಡುಗ ಜಿಗಿದು ಬಂದು ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಬಿಗಿದ. ಸಾಹೇಬರು ಕೂತು, ಎರಡು ಸಲ ಕುಪ್ಪಳಿಸಿ ನೋಡಿದರು. ಹೊರಸು ಅಲುಗಲಿಲ್ಲ. ದೊಡ್ಡ ಮಾಸ್ತರರು ಗಾಬರಿಯಲ್ಲಿ, "ಇವನ ಹೆಸರೇ ತೆಗೀಬೇಕಂತಿದ್ದೆ ಸಾಹೇಬ್ರ," ಎಂದುಬಿಟ್ಟರು.

"ಇವನ ಹೆಸರು ಇರ್ಲಿ. ಮೊದಲಿನ ಗಂಟು ಹಾಕಿದವ್ರ ಹೆಸರು ತೆಗೀರಿ!"

ಎಲ್ಲರೂ ನನ್ನನ್ನು ನೋಡಿದರು. ನಾನು ತಲೆ ತಗ್ಗಿಸಿದೆ. ಹುಡುಗ ಕೈ ಮುಗಿದ:

"ಬ್ಯಾಡ್ರಿ ಸಾಹೇಬ್ರ. ನಮ್ಮ ಮಾಸ್ತರ್ರು ಭಾಳ ಒಳ್ಳೇವ್ರು. ಒಂದೀಟು ತಡೀರಿ, ನಾ ಕಲಿಸ್ತೇನಿ."