ಆಯ್ತು ಅಂದ ಮೇಲೆ ತೆಗೆದ ಫೋಟೋಗಳು

ಸಿರುಗುಪ್ಪ ತಾಲ್ಲೂಕಿನಲ್ಲಿ ಅತಿ ಹೆಚ್ಚು ಬೈಸಿಕೊಂಡ ಮನುಷ್ಯ ಯಾರು ಅಂತ ಕೇಳಿದರೆ, ನಾನು ಹಿಂದೆ ಮುಂದೆ ನೋಡದೆ ನಮ್ಮ ಸೋದರಮಾವನ ಹೆಸರು ಹೇಳಿಬಿಡುತ್ತೇನೆ. ಅವನೇನು ರಾಜಕೀಯದಲ್ಲಿರಲಿಲ್ಲ, ಯಾರ ಹೊಲವನ್ನೂ ಒತ್ತುವರಿ ಮಾಡಿರಲಿಲ್ಲ. ಬರೀ ಫೋಟೋ ತೆಗೆಯುತ್ತಿದ್ದ. ಫೋಟೋ ತೆಗೆದು ಇಷ್ಟು ಬೈಸಿಕೊಳ್ಳಲು ಸಾಧ್ಯವೆ? ಮಾವನ ಹಾಗೆ ತೆಗೆದರೆ ಖಂಡಿತ ಸಾಧ್ಯ!

ನಮ್ಮ ಕಡೆಯ ಮಂದಿ ಕ್ಯಾಮೆರಾ ಕಂಡರೆ ಸಾಕು, ಉಸಿರು ಬಿಗಿಹಿಡಿದು, ಎರಡೂ ಕೈ ತೊಡೆಗೆ ಅಂಟಿಸಿ, ಪೊಲೀಸ್ ಠಾಣೆಗೆ ಕರೆಸಿದವರ ಹಾಗೆ ನಿಲ್ಲುತ್ತಾರೆ. ಮಾವ ಫ್ಲಾಷ್ ಹೊಡೆದು "ಆಯ್ತು, ನಡೀರಿ" ಅನ್ನುತ್ತಿದ್ದ. ಆ ಫ್ಲಾಷ್ ಬರೀ ನಾಟಕ. ಮಂದಿ ಉಸಿರು ಬಿಟ್ಟು, ಸೆರಗು ಸಡಿಲಿಸಿ, ಒಬ್ಬರ ಮೇಲೊಬ್ಬರು ರೇಗತೊಡಗಿದಾಗ ಸದ್ದಿಲ್ಲದೆ ನಿಜವಾದ ಫೋಟೋ ತೆಗೆಯುತ್ತಿದ್ದ.

ಕುರುಗೋಡಿನ ಒಂದು ಮದುವೆಯಲ್ಲಿ ಎರಡೂ ಕಡೆಯ ಬೀಗರನ್ನು ಸಾಲಾಗಿ ನಿಲ್ಲಿಸಿದ. ಆಲ್ಬಮ್ ಬಂದಾಗ ನೋಡಿದರೆ, ಸಾಲಿಗೆ ಸಾಲೇ ಬೆನ್ನು ತಿರುಗಿಸಿ ಊಟದ ಕಡೆ ಓಡುತ್ತಿದೆ, ವೇದಿಕೆ ಮೇಲೆ ಮದುಮಗ ಒಬ್ಬನೇ ಪೆಚ್ಚಾಗಿ ನಿಂತಿದ್ದಾನೆ. ಅವನ ತಂದೆ ಆಲ್ಬಮ್ ಹಿಡಿದುಕೊಂಡು ಸಿರುಗುಪ್ಪದಲ್ಲಿದ್ದ ಮಾವನ ಸ್ಟುಡಿಯೋಕ್ಕೆ ಬಂದರು.

"ಏನ್ರೀ ಇದು, ನಮ್ಮ ಬೀಗರ ಮುಖ ಎಲ್ಲೈತ್ರೀ?"

"ಊಟದ ಕಡೆ ಐತಲ್ರಿ," ಅಂದ ಮಾವ.

ನನಗೆ ಗಂಡು ಹುಡುಕುವಾಗ ಫೋಟೋ ತೆಗೆದವನೂ ಇವನೇ. ಜಡೆಗೆ ಹೂವು ಜಾಸ್ತಿಯಾಯಿತು ಅಂತ ನಾನು ಅವ್ವನ ಜೊತೆ ಜಗಳಕ್ಕೆ ನಿಂತ ಫೋಟೋವೇ ಬಳ್ಳಾರಿಗೆ ಹೋಯಿತು. ಸಂಬಂಧ ಕುದುರಿತು! "ಏನು ತರಾಕ ಹತ್ತೀನಿ ಅಂತ ಮೊದ್ಲ ತಿಳಿದಿತ್ತಲ್ಲ," ಅಂತ ನಮ್ಮ ಯಜಮಾನರು ಇವತ್ತಿಗೂ ಮಾವನನ್ನು ಹೊಗಳುತ್ತಾರೆ.

ಹೀಗಿದ್ದೂ ಸ್ಟುಡಿಯೋ ಹೇಗೆ ನಡೆಯಿತು ಅಂತೀರಾ? ಅರ್ಜಿಗೆ ಅಂಟಿಸುವ ಪಾಸ್‌ಪೋರ್ಟ್ ಸೈಜಿನ ಫೋಟೋಗಳನ್ನೆಲ್ಲ ಮಾವನ ಹೆಂಡತಿ, ನಮ್ಮ ಅತ್ತೆ, ತೆಗೆಯುತ್ತಿದ್ದರು. ಮನೆಯಲ್ಲಿ ಒಲೆ ಉರಿದದ್ದು ಅದರಿಂದಲೇ.

ಹೋದ ವರ್ಷ ಮಾವ ತೀರಿಕೊಂಡ. ವರ್ಷದ ಕಾರ್ಯಕ್ಕೆ ಅವನು ತೆಗೆದ ಫೋಟೋಗಳನ್ನು ಸ್ಟುಡಿಯೋದಲ್ಲೇ ತೂಗುಹಾಕಿ ಊರವರನ್ನು ಕರೆಯಬೇಕು ಅಂತ ಅತ್ತೆ ಹಟ ಹಿಡಿದರು.

"ಇದ್ದಾಗೆಲ್ಲ ಮಂದಿ ಅವರನ್ನ ಆಡಿಕ್ಯಂಡು ನಕ್ರು. ಈಗಾದ್ರೂ ಒಂದೀಟು ಮರ್ಯಾದಿ ಸಿಗ್ಲಿ. ನೆಟ್ಟಗಿರೋವು ನೋಡಿ ಹಾಕವಾ."

ಇದ್ದಬದ್ದ ನೆಗೆಟಿವ್ ಡಬ್ಬಿಗಳನ್ನೆಲ್ಲ ಜಾಲಾಡಿದೆ. ನೆಟ್ಟಗಿರುವುದು ಒಂದಾದರೂ ಸಿಗಬೇಕಲ್ಲ! ವಿಧಿಯಿಲ್ಲದೆ ಇದ್ದವನ್ನೇ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಗೋಡೆ ತುಂಬ ತೂಗುಹಾಕಿದೆವು.

ಮಂದಿ ಬಂದರು. ಫೋಟೋದಲ್ಲಿ ಆಕಳಿಸುತ್ತಿರುವ ಮೇಷ್ಟ್ರು, ಬೆನ್ನು ಕೆರೆದುಕೊಳ್ಳುತ್ತಿರುವ ಪಂಚಾಯ್ತಿ ಮೆಂಬರು, ಎಲ್ಲರೂ ತಮ್ಮ ತಮ್ಮ ಫೋಟೋದ ಮುಂದೆ ನಿಂತು, ಪಕ್ಕದವರನ್ನೂ ಕರೆದು ತೋರಿಸಿ ಬಿದ್ದುಬಿದ್ದು ನಕ್ಕರು. ಮೂಲೆಯಲ್ಲಿ ಕೂತಿದ್ದ ಅತ್ತೆಯ ಮುಖ ಸಣ್ಣದಾಯಿತು. "ಮತ್ತ ನಗಾಕ ಹತ್ತಿದ್ರು ನೋಡು. ಇಳಿಸಿಬಿಡವಾ, ಸಾಕು," ಅಂದರು.

ಆಗ ರಾರಾವಿಯಿಂದ ಬಂದಿದ್ದ ಒಬ್ಬರು ಮುದುಕರು ಒಂದು ಫೋಟೋದ ಮುಂದೆ ನಿಂತವರು ಅಲ್ಲಾಡಲೇ ಇಲ್ಲ. ಅದರಲ್ಲಿ ಅವರ ಹೆಂಡತಿ ಅವರ ತಲೆಯ ಮೇಲೆ ಬಿಚ್ಚಿಕೊಂಡ ಪಟಗದ ತುದಿಯನ್ನು ಸಿಕ್ಕಿಸುತ್ತ, ಬಾಯಿ ತುಂಬ ಬೈಯುತ್ತಿದ್ದಾಳೆ. ಬೈಗುಳ ಕೇಳಿ ಕೇಳಿ ರೂಢಿಯಾಗಿದ್ದ ಅತ್ತೆ ತಾವೇ ಎದ್ದು ಹೋದರು.

"ತಪ್ಪು ತಿಳಕಬ್ಯಾಡಣ್ಣ. ಅವರು ತಗಿಯೋದ ಹಂಗ."

"ತಪ್ಪೇನು ಬಂತವಾ," ಅಂದರು ಮುದುಕರು. "ಆಕಿ ಹೋಗಿ ಭಾಳ ದಿನ ಆತು. ಮನ್ಯಾಗ ಆಕಿದು ಬ್ಯಾರೆ ಫೋಟೋ ಅದಾವು. ಅದರಾಗೆಲ್ಲ ಬರೇ ಸೀರಿ ಐತಿ. ಇದರಾಗ ಆಕಿ ಅದಾಳ."

ಅತ್ತೆ ಆ ಫೋಟೋವನ್ನು ಮೊಳೆಯಿಂದ ತೆಗೆದು, ಗಾಜನ್ನು ಸೆರಗಿನಿಂದ ಒರೆಸಿ, ಮುದುಕರ ಕೈಗೆ ಕೊಟ್ಟರು. ಅವರು ಅದನ್ನು ಎದೆಗೆ ಅವುಚಿಕೊಂಡು ಮೆಟ್ಟಿಲು ಇಳಿದರು. ಇಷ್ಟು ವರ್ಷ ನಾನೂ ಮಾವನನ್ನು ನೋಡಿ ನಕ್ಕವಳೇ. ಆ ಹೊತ್ತಿನಲ್ಲಿ ಅವನು ಒಮ್ಮೆ ಎದುರಿಗೆ ಬಂದು ನಿಲ್ಲಬಾರದೆ ಅನ್ನಿಸಿ ಕಣ್ಣು ತುಂಬಿ ಬಂತು.

"ಉಳಿದವನ್ನ ಇಳಿಸ್ಲೇನತ್ತೀ?" ಅಂತ ಕೇಳಿದೆ.

ಅತ್ತೆ ಮೂಲೆಯಲ್ಲಿದ್ದ ಕುರ್ಚಿಯನ್ನು ಬಾಗಿಲ ಹತ್ತಿರ ಎಳೆದು ಹಾಕಿಕೊಂಡು ಕೂತರು.

"ಇರ್ಲಿ ಬಿಡವಾ. ಇನ್ನೂ ಯಾರ್‍ಯಾರು ತಮ್ಮೋರನ್ನ ಕರಕೊಂಡು ಹೋಗಾಕ ಬರಬೇಕೈತೋ."